ಬಲಗಡೆಯ ಹೂ

ಮೊನ್ನೆ ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹೊರಟ ಬಸ್ಸು ನಡುದಾರಿಯಲ್ಲಿ ನಿಂತುಬಿಟ್ಟಿತು. ಮುಂದೆ ರಸ್ತೆ ಅಗಲ ಮಾಡುವುದಕ್ಕೆ ಬಂಡೆ ಸಿಡಿಸುತ್ತಿದ್ದಾರೆ, ಕೆಂಪು ಬಾವುಟ ಇಳಿಸುವವರೆಗೆ ಹೋಗುವ ಹಾಗಿಲ್ಲ ಎಂದ ಕಂಡಕ್ಟರು. ಸ್ವಲ್ಪ ಹೊತ್ತಿಗೆ ಢಮ್ ಎಂದಿತು. ಬಸ್ಸಿನೊಳಗಿದ್ದವರು ಒಂದು ಸಲ ಮುಖ ಮುಖ ನೋಡಿಕೊಂಡು ಮತ್ತೆ ತಮ್ಮ ತಮ್ಮ ಮಾತಿಗೆ ಬಿದ್ದರು. ಆಮೇಲೆ ಬಂತು ಆ ವಾಸನೆ, ಸುಟ್ಟ ಮದ್ದು ಮತ್ತು ಒಡೆದ ಕಲ್ಲು ಸೇರಿದ ವಾಸನೆ. ನನ್ನ ಅಂಗೈ ತಾನಾಗಿಯೇ ಹೋಗಿ ಕಿಟಕಿಯ ಸರಳನ್ನು ಒತ್ತಿ ಹಿಡಿಯಿತು, ಅದು ಎಷ್ಟು ನಡುಗುತ್ತದೆ ಎಂದು ನೋಡುವುದಕ್ಕೆ.

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಗೌರಿ ನಕ್ಕಳು. “ಯಾಕಜ್ಜಿ, ಎದ್ರುಕೊಂಡ್ಯಾ?”

“ಎದ್ರಿಕೆ ಅಲ್ಲ ಕಣವ್ವಾ, ಅನ್ಮಾನ.”

“ನಿಂಗೆ ಯಾವುದ್ರ ಮ್ಯಾಲೆ ಅನ್ಮಾನ ಇಲ್ಲ ಏಳು!”

ಮಗು ಹೇಳಿದ್ದು ಸುಳ್ಳಲ್ಲ. ಮನೆಯಲ್ಲಿ ನನಗೆ ಅನುಮಾನದ ಅಜ್ಜಿ ಎಂದೇ ಹೆಸರು. ಹಾಲು ತಂದವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಅಂಗಡಿಯವನು ತೂಗುವಾಗ ತಕ್ಕಡಿಯ ತಟ್ಟೆ ತಿರುಗಿಸಿ ನೋಡುತ್ತೇನೆ. ಗೌರಿಯನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಚೆನ್ನಾಗಿದೆ ಎಂದು ಹೊಗಳಿ ಹೋದ ಮೇಲೆ, ಅದಕ್ಕೆ ಉಪ್ಪೇ ಬಿದ್ದಿರಲಿಲ್ಲವಲ್ಲ, ಇವರು ಯಾಕೆ ಹೊಗಳಿದರು ಎಂದು ಯೋಚಿಸುತ್ತಾ ಕೂತಿದ್ದೆ. ಬಯ್ಯುವವರು ಬಯ್ದುಕೊಳ್ಳಲಿ. ಹುಟ್ಟುವಾಗ ನಾನು ಹೀಗಿರಲಿಲ್ಲ. ಹೀಗಾದದ್ದು ಒಂದೇ ವರ್ಷದಲ್ಲಿ, ಆ ವರ್ಷವೆಲ್ಲ ನನ್ನ ಮೂಗಿನಲ್ಲಿ ಇದ್ದದ್ದು ಇದೇ ವಾಸನೆ.

ಮಹಾರಾಜರ ಕಾಲ ಅದು. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನನ್ನ ತೌರು ಪಿರಿಯಾಪಟ್ಟಣದ ಹತ್ತಿರದ ಕಂಪಲಾಪುರ. ಅಲ್ಲಿಂದ ನನ್ನನ್ನು ಕೊಟ್ಟದ್ದು ಕೋಟೆ ತಾಲ್ಲೂಕಿನ ಪಡುವಣ ಅಂಚಿಗೆ, ವಯನಾಡಿನ ಗುಡ್ಡಗಳು ಕಾಣುವ ತೊರೆಕೊಪ್ಪಲಿಗೆ. ಬೆರಳಲ್ಲಿ ಎಣಿಸುವಷ್ಟು ಮನೆ. ಮುಂದೆ ರಾಗಿಹೊಲ, ಒಂದಿಷ್ಟು ಗದ್ದೆ. ಹಿಂದೆ ಕಾಡು. ಈಗಿನ ಓದಿದವರು ಮಳೆಕಾಡು ಎನ್ನುತ್ತಾರಲ್ಲ, ಅಂಥದ್ದು. ನಾವು ತಂಪುಕಾಡು ಎನ್ನುತ್ತಿದ್ದೆವು. ನಡುಬೇಸಿಗೆಯಲ್ಲೂ ಅದರೊಳಗೆ ಬಿಸಿಲು ನೆಲ ಮುಟ್ಟುತ್ತಿರಲಿಲ್ಲ. ಮರದ ಮೈಗೆಲ್ಲ ಹಾವಸೆ, ಕಾಲಿಟ್ಟರೆ ಜಿಗಣೆ. ಮೇಲೆ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಅಂಗಳಕ್ಕೆ ಕೇಳುತ್ತಿತ್ತು. ಬಯಲು ಸೀಮೆಯಿಂದ ಬಂದ ನನಗೆ ಮೊದಮೊದಲು ಆ ಕಾಡು ಕಂಡರೆ ಜೀವ ಹಿಡಿಯಷ್ಟಾಗುತ್ತಿತ್ತು.

ಆ ಕಾಡಿನ ಬಾಯಲ್ಲೇ ಒಂದು ಒರತೆ. ದೊಡ್ಡ ಮರವೊಂದರ ಬೇರಿನ ಸಂದಿಯಿಂದ ನೀರು ಸುರಿದು, ತೊರೆಯಾಗಿ ಊರೊಳಗೆ ಬಂದು, ಗದ್ದೆ ದಾಟಿ ಕೆಳಗೆ ಹೋಗುತ್ತಿತ್ತು. ಊರಿಗೆ ಬಾವಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒರತೆಯ ಸುತ್ತಲಿನ ಮರಗಳೇ ದೇವರ ಬನ, ಒರತೆಯ ಪಕ್ಕದಲ್ಲಿ ಬನದಮ್ಮ. ಗುಡಿಯಲ್ಲ, ಗೋಪುರವಲ್ಲ, ಸೊಂಟದೆತ್ತರದ ಕಪ್ಪು ಕಲ್ಲು, ಅಷ್ಟೆ. ತಲೆತಲಾಂತರದಿಂದ ಎಣ್ಣೆ, ಹಾಲು ಸುರಿದು ಮೈ ನುಣ್ಣಗಾಗಿತ್ತು. ಮಣ್ಣು ಕುಸಿದೋ ಏನೋ, ಅಮ್ಮ ತುಸು ಬಲಕ್ಕೆ ವಾಲಿ ನಿಂತಿದ್ದಳು. ಆ ವಾಲಿದ್ದನ್ನು ನೆನಪಿಟ್ಟುಕೊಳ್ಳಿ, ಎಲ್ಲ ಅಲ್ಲೇ ಇರುವುದು.

ತೊರೆಕೊಪ್ಪಲಿನಲ್ಲಿ ಹೂ ಕೇಳದೆ ಒಂದು ಕೆಲಸವೂ ನಡೆಯುತ್ತಿರಲಿಲ್ಲ. ಮದುವೆಗೆ, ಬಿತ್ತನೆಗೆ, ಎತ್ತು ಕೊಳ್ಳುವುದಕ್ಕೆ, ಎಲ್ಲಕ್ಕೂ ಅಮ್ಮನ ಅಪ್ಪಣೆ. ಪೂಜಾರಿ ಚೆನ್ನಪ್ಪ ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಿದ್ದ. ಕೇಳುವವರು ಕೈಮುಗಿದು ಎದುರಿಗೆ ಕೂರುವುದು. ಬಲಗಡೆಯ ಹೂ ಬಿದ್ದರೆ ಆಗಬಹುದು ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಂದೊಂದು ಸಲ ಹೊತ್ತು ಮುಳುಗುವವರೆಗೆ ಕೂತರೂ ಎರಡೂ ಬೀಳುತ್ತಿರಲಿಲ್ಲ. ಆಗ ಅಮ್ಮನಿಗೆ ಮನಸ್ಸಿಲ್ಲ ಎಂದು ಎದ್ದು ಬರುತ್ತಿದ್ದರು. ಹಾಗೆ ಬರಿಗೈಯಲ್ಲಿ ಬರುವುದೇ ಹೆಚ್ಚು.

ಆ ವರ್ಷ ಮುಂಗಾರಿಗೆ ಮುಂಚೆ ಒಬ್ಬ ಮನುಷ್ಯ ಛತ್ರಿ ಹಿಡಿದು ಊರಿಗೆ ಬಂದ. ಹೆಸರು ಶಾಮಣ್ಣ. ಮೈಸೂರಿನ ಒಬ್ಬ ಕಂಟ್ರಾಕ್ಟರನ ಹತ್ತಿರ ರೈಟರಂತೆ. ಕೋಟು, ರುಮಾಲು, ಜೇಬಿನಲ್ಲಿ ಸರಪಳಿಯ ಗಡಿಯಾರ. ಎಲ್ಲೋ ಹೊಳೆಗೆ ಸೇತುವೆ ಕಟ್ಟುತ್ತಾರೆ, ನಿಮ್ಮ ಕಾಡಿನ ಗುಡ್ಡದಲ್ಲಿ ಒಳ್ಳೇ ಕಲ್ಲಿದೆ, ಕೋರೆ ತೆಗೆಯಬೇಕು, ಗಾಡಿ ಓಡಾಡುವುದಕ್ಕೆ ಬನದ ಮಗ್ಗುಲಲ್ಲಿ ದಾರಿ ಬೇಕು ಎಂದ. ಬನ ಊರಿನದು, ಊರಿನವರು ಒಪ್ಪದೆ ಅಲ್ಲಿ ಕೊಡಲಿ ಇಡುವ ಹಾಗಿರಲಿಲ್ಲ.

ಪಟೇಲರು ದೊಡ್ಡೇಗೌಡರು ತಲೆ ಕೆರೆದುಕೊಂಡರು. “ಬನದ ಮರ ಕಡೀಬೇಕಾದ್ರೆ ನಾವು ಊಂ ಅಂದ್ರಾಗಕಿಲ್ಲ ಸ್ವಾಮಿ. ಅಮ್ಮನ್ನೇ ಕೇಳ್ಬೇಕು.”

ನಾನು ಅಂದುಕೊಂಡಿದ್ದೆ, ಪಟ್ಟಣದವನು, ಕಲ್ಲನ್ನು ಕೇಳುತ್ತಾರಂತೆ ಎಂದು ನಗುತ್ತಾನೆ ಎಂದು. ನಗಲಿಲ್ಲ. “ಅಗತ್ಯವಾಗಿ ಕೇಳಿ ಗೌಡರೇ. ದೇವರ ಮಾತು ನಮಗೂ ದೊಡ್ಡದೇ. ನಾಳಿದ್ದು ಮಧ್ಯಾಹ್ನದ ಪೂಜೆಗೆ ಕೇಳಿಬಿಡಿ, ನಾನೂ ಬಂದು ಕೂರುತ್ತೇನೆ” ಎಂದ. ದಿನ, ಹೊತ್ತು ಎರಡನ್ನೂ ಅವನೇ ಹೇಳಿದ. ಎಲ್ಲರಿಗೂ ಅವನ ಭಕ್ತಿ ಕಂಡು ಖುಷಿಯಾಯಿತು. ನನಗೆ ಮಾತ್ರ ಇದೇನು ಇಷ್ಟು ಸಲೀಸಾಗಿ ಒಪ್ಪಿದ ಎನ್ನಿಸಿತು.

ಹೇಳಿದ ದಿನ ಊರಿಗೆ ಊರೇ ಬನದಲ್ಲಿ ಕೂತಿತ್ತು. ಮುಂದೆ ಗಂಡಸರು, ಹಿಂದೆ ನಾವು. ನನ್ನ ಮಗಳು ಇನ್ನೂ ಹಾಲು ಕುಡಿಯುವ ಕೂಸು, ತೊಡೆಯ ಮೇಲೆ ಮಲಗಿತ್ತು. ಚೆನ್ನಪ್ಪ ಹೂ ಏರಿಸಿದ. ಮಂಗಳಾರತಿ ಎದ್ದಿತು, ತಮಟೆ ಬಡಿದರು. ಎಲ್ಲರ ಕಣ್ಣೂ ಹೂವಿನ ಮೇಲೆ. ನಾನು ಕೂಸಿನ ಮೇಲೆ ಕೂತ ನೊಣ ಓಡಿಸುತ್ತಾ ತಲೆಯೆತ್ತಿದರೆ ಶಾಮಣ್ಣ ಹೂವನ್ನು ನೋಡುತ್ತಿರಲಿಲ್ಲ. ಗಡಿಯಾರ ತೆಗೆದು ನೋಡಿದ. ಒಳಗಿಟ್ಟ. ಆಮೇಲೆ ಗುಡ್ಡದ ಕಡೆಗೇ ನೋಡುತ್ತಾ ಕೂತ. ಅಷ್ಟರಲ್ಲಿ ಗುಡ್ಡದ ಆಚೆ ಗುಡುಗಿದ ಹಾಗಾಯಿತು. ಅದರ ಹಿಂದೆಯೇ ಬಲಗಡೆಯ ಹೂ ಜಾರಿ ಅಮ್ಮನ ಪಾದಕ್ಕೆ ಬಿತ್ತು.

“ಗುಡುಗಿ ಕೊಟ್ಲು ಕಣ್ರಪ್ಪಾ ತಾಯಿ!” ಎಂದು ಚೆನ್ನಪ್ಪ ಕೂಗಿಯೇಬಿಟ್ಟ. ಕೇಳಿದ ತಕ್ಷಣ ಹೀಗೆ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ಲಟಿಕೆ ಮುರಿದರು. ಪಟೇಲರು ಅಲ್ಲೇ ದಾರಿಗೆ ಒಪ್ಪಿಕೊಂಡರು.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. “ಎಲ್ರೂ ಹೂ ನೋಡ್ತಿದ್ರೆ ಆ ರೈಟರ್ರು ಗುಡ್ಡ ನೋಡ್ತಿದ್ರು ಕಣ್ರೀ. ಯಾಕೆ?”

“ಗುಡುಗ್ತಿತ್ತಲ್ಲ, ಮಳೆ ಬತ್ತದಾ ಅಂತ ನೋಡಿರ್ತಾರೆ ಬುಡು.”

“ಗುಡುಗೋಕೆ ಮುಂಚೇನೇ ನೋಡ್ತಿದ್ರು.”

ಅವರು ಎದ್ದು ಎತ್ತಿಗೆ ಹುಲ್ಲು ಹಾಕಲು ಹೋದರು. ನಮ್ಮ ಯಜಮಾನರು ಒಳ್ಳೆಯವರು, ಆದರೆ ನಾನು ಒಂದು ಹೇಳಿದರೆ ಅವರ ಕಿವಿ ಅರ್ಧದಲ್ಲೇ ಬಾಗಿಲು ಹಾಕಿಕೊಳ್ಳುತ್ತಿತ್ತು.

ಕೋರೆ ಶುರುವಾಯಿತು. ಕಲ್ಲಿನ ಕೆಲಸದವರು ಹೆಂಡತಿ ಮಕ್ಕಳ ಸಮೇತ ಬಂದು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡರು. ಬೆಳಗಿನಿಂದ ಬಂಡೆಗೆ ಕುಳಿ ಹೊಡೆಯುವುದು, ಮದ್ದು ತುಂಬುವುದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದ ಮೇಲೆ ಬತ್ತಿಗೆ ಬೆಂಕಿ. ಢಮ್ ಢಮ್ ಎಂದು ಸಿಡಿದಾಗ ಅಡಿಗೆಮನೆಯ ಮಡಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮೊದಲು ಬೆಚ್ಚಿಬೀಳುತ್ತಿದ್ದ ಎತ್ತುಗಳೂ ಆಮೇಲೆ ಮೆಲುಕು ನಿಲ್ಲಿಸದಾದವು. ಮನುಷ್ಯರಿಗೂ ಅಭ್ಯಾಸವಾಯಿತು. ಗಾಡಿದಾರಿಗೆಂದು ಬನದ ಮಗ್ಗುಲಿನ ಮರಗಳು ಉರುಳಿದವು. ಸ್ವಲ್ಪವೇ ಎಂದಿದ್ದರು. ಸ್ವಲ್ಪ ಎಂದರೆ ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಗಾಡಿ ತಿರುಗಿಸುವುದಕ್ಕೆ ಒಂದಿಷ್ಟು, ಕಲ್ಲು ರಾಶಿ ಹಾಕುವುದಕ್ಕೆ ಒಂದಿಷ್ಟು, ಕಮ್ಮಾರನ ಕುಲುಮೆಗೆ ಸೌದೆ ಎಂದು ಇನ್ನೊಂದಿಷ್ಟು.

ನಗುವ ಮಾತು ಈಗ ಬರುತ್ತದೆ. ಕೋರೆ ಶುರುವಾದ ಮೇಲೆ ಬನದಮ್ಮ ಬೇಗ ಬೇಗ ಹೂ ಕೊಡತೊಡಗಿದಳು. ಮಧ್ಯಾಹ್ನದ ಪೂಜೆಗೆ ಕೂತರೆ ಸಾಕು, ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಅಪ್ಪಣೆ. ಅದೂ ಬಲಗಡೆಯೇ. ಬೇಡ ಎಂಬ ಮಾತೇ ಇಲ್ಲ. “ಅಮ್ಮ ಎಚ್ಚೆತ್ತವ್ಳೆ ಕಣ್ಲಾ” ಎಂದು ಊರೆಲ್ಲ ಸಂಭ್ರಮ. ಸುದ್ದಿ ಹರಡಿ ಹುಣಸೂರು ಕಡೆಯಿಂದ, ಸಾಲಿಗ್ರಾಮದಿಂದ, ಕಟ್ಟೆಮಳಲವಾಡಿಯಿಂದ ಗಾಡಿ ಕಟ್ಟಿಕೊಂಡು ಬರತೊಡಗಿದರು. ಮುದುಕನೊಬ್ಬ ಮೂರನೇ ಮದುವೆಗೆ ಅಪ್ಪಣೆ ಪಡೆದು ಹೋದ. ನಮ್ಮ ಚೆನ್ನಪ್ಪನ ಹೆಗಲಿಗೆ ಹೊಸ ಶಲ್ಯ ಬಂತು. ಸಂತೆಯ ದಿನ ಬಂದವರು ಮಾತ್ರ ಎಷ್ಟು ಕೂತರೂ ಹೂ ಬೀಳದೆ ಮರಳುತ್ತಿದ್ದರು. “ಸಂತೆ ದಿನ ಅಮ್ಮ ಮಾತಾಡಕಿಲ್ಲ, ಬೇರೆ ದಿನ ಬನ್ನಿ” ಎಂದು ಚೆನ್ನಪ್ಪನೇ ಒಂದು ಕಟ್ಟಳೆ ಮಾಡಿಬಿಟ್ಟ.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೀರಿಗೆ ಹೋದರೆ ತೊರೆ ಬೆಳ್ಳಗೆ ಹರಿಯುತ್ತಿತ್ತು. ಅಯ್ಯೋ, ಆ ದಿನದ ಗಲಾಟೆ ಏನು ಹೇಳಲಿ! ಅಮ್ಮ ಹಾಲು ಕರೆದಿದ್ದಾಳೆ ಎಂದು ಚೊಂಬು, ಬಿಂದಿಗೆ, ಬೋಸಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ತುಂಬಿಕೊಂಡರು. ಚೆನ್ನಪ್ಪ ಕಾಯಿ ಒಡೆದ. ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಹಲ್ಲಿನ ನಡುವೆ ಕರಕರ ಎಂದಿತು.

“ಕಲ್ಪುಡಿ ಕಣತ್ತೆ ಇದು, ಹಾಲಲ್ಲ” ಎಂದೆ ಅತ್ತೆಗೆ.

“ಬಾಯಿ ಮುಚ್ಚು. ಹಾಲ್ನಲ್ಲೂ ಹುಳುಕು ಹುಡುಕ್ತೀಯ ನೀನು” ಎಂದರು ಅತ್ತೆ. ಆದರೆ ರಾತ್ರಿಯ ಗಂಜಿಗೆ ಆ ನೀರು ಹಾಕಲಿಲ್ಲ, ಅದನ್ನು ನಾನು ಗಮನಿಸಿದೆ. ನನ್ನ ಅತ್ತೆ ಹಾಗೆ. ನಾನು ಹೇಳಿದ್ದಕ್ಕೆ ಬಯ್ಯದೆ ಬಿಡುತ್ತಿರಲಿಲ್ಲ, ನಾನು ಹೇಳಿದ್ದನ್ನು ಮರೆಯುತ್ತಲೂ ಇರಲಿಲ್ಲ.

ಮಳೆ ನಿಂತ ಮೇಲೆ ಕಾಡಿನ ಎಲೆಗಳ ಮೇಲೆ ಬಿಳಿ ಧೂಳು ಕೂತು ಹಾಗೇ ಉಳಿಯಿತು. ಗಾಡಿದಾರಿಯಲ್ಲಿ ಬಿಸಿಲು ಬಿದ್ದು ಕಾಡಿನ ಒಡಲಿಗೇ ಗಾಳಿ ನುಗ್ಗಿತು. ಮರದ ಮೇಲಿನ ಹಾವಸೆ ಒಣಗಿ ಚಕ್ಕೆಯಾಗಿ ಬಿತ್ತು. ಜಿಗಣೆ ಕಾಣೆಯಾದವು. ಪೀಡೆ ಹೋಯಿತು ಎಂದು ಜನ ಹಿಗ್ಗಿದರು. ನನಗೆ ಮಾತ್ರ ಜಿಗಣೆ ಇಲ್ಲದ ನೆಲ ಕಂಡು ಭಯವಾಯಿತು. ಜಿಗಣೆಗೆ ಬೇಕಾದ ತಂಪು ಹೋದ ಮೇಲೆ ನಮಗೆ ಬೇಕಾದ ನೀರು ಇರುತ್ತದೆಯೇ? ಮಂಗಟ್ಟೆಯ ರೆಕ್ಕೆಯ ಸದ್ದು ಎಂದು ನಿಂತಿತೋ ಗೊತ್ತಾಗಲೇ ಇಲ್ಲ. ಆನೆಗಳು ತಮ್ಮ ಹಳೇ ದಾರಿ ಬಿಟ್ಟು ನಮ್ಮ ರಾಗಿಗೆ ಇಳಿದವು. ನಮ್ಮ ಮನೆಯ ಹಿಂದಿನ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಯಜಮಾನರು ಸಗಣಿ ಬಳಿದು ಮುಚ್ಚಿದರು. ಅದು ಮತ್ತೆ ಬಾಯಿ ಬಿಟ್ಟಿತು.

ಬೇಸಿಗೆ ಬರುವಷ್ಟರಲ್ಲಿ ಒರತೆ ಸೊರಗಿತು. ತೊಲೆ ಗಾತ್ರ ಬರುತ್ತಿದ್ದ ನೀರು ತೋಳು ಗಾತ್ರವಾಯಿತು, ಆಮೇಲೆ ಬೆರಳಾಯಿತು. ಗದ್ದೆ ಬಿರಿಯಿತು. ಬಿಂದಿಗೆ ಇಟ್ಟು ಸರದಿಗೆ ಕಾಯುವುದು, ಕಾಯುತ್ತಾ ಜಗಳ.

ಆ ಹೊತ್ತಿನಲ್ಲೇ ಎಲ್ಲಮ್ಮ ಎಂಬ ಕೋರೆಯ ಹೆಂಗಸು ಒರತೆಯ ಹತ್ತಿರ ಬಂದು ದೂರದಲ್ಲಿ ನಿಂತಳು. ಕಂಕುಳಲ್ಲಿ ಕೂಸು. ಕಲ್ಲಿನ ಕೆಲಸದವರು ಒರತೆ ಮುಟ್ಟುವ ಹಾಗಿರಲಿಲ್ಲ, ತೊರೆಯ ಕೆಳಗೆ ಹಿಡಿದುಕೊಳ್ಳಬೇಕು ಎಂದು ಊರಿನವರು ಕಟ್ಟು ಮಾಡಿದ್ದರು. ಕೆಳಗೆ ಈಗ ಬರೀ ಬಿಳಿ ಕೆಸರು. “ಅಕ್ಕಯ್ಯಾ, ಕೂಸಿಗೆ ಹೊಟ್ಟೆ ಕೆಟ್ಟೈತೆ. ಒಂದ್ ಬಿಂದಿಗೆ ಒಳ್ಳೇ ನೀರು ಹಾಕಿ” ಎಂದಳು. ನನ್ನ ಕೂಸಿಗೂ ಅದೇ ವಯಸ್ಸು. “ಬಾ, ನೀನೇ ಹಿಡ್ಕೊ” ಎಂದೆ. ಅವಳು ಹೆದರಿ ಹೆದರಿ ಬಂದು ಬಿಂದಿಗೆ ಒಡ್ಡಿದಳು. ಅದನ್ನು ಒಬ್ಬರು ನೋಡಿದರು. ಯಾರೆಂದು ನನಗೆ ಗೊತ್ತು. ಸತ್ತವರ ಹೆಸರು ಯಾಕೆ, ಬಿಡಿ.

ಅವತ್ತಿನಿಂದ ಊರಿನ ಕಣ್ಣು ನನ್ನ ಮೇಲೆ ತಿರುಗಿತು. ನಾನು ನೀರಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಯಾರದೋ ಮನೆಯ ಮಜ್ಜಿಗೆ ಒಡೆದರೂ ನನ್ನ ಕಡೆ ನೋಡುತ್ತಿದ್ದರು. ನೀರು ಬತ್ತಿದ್ದು ಅದಕ್ಕೂ ಮುಂಚೆಯೇ ಅಲ್ಲವೇ ಎಂದು ಕೇಳಿದರೆ, “ಯಾವಾಗಿಂದ ತುಂಬಿಸ್ತಿದ್ಯೋ ಯಾರಿಗ್ಗೊತ್ತು” ಎನ್ನುತ್ತಿದ್ದರು. ಅನುಮಾನ ಎಂಬುದು ಎಂಥ ರೋಗ ಎಂದು ನನಗೆ ಗೊತ್ತಾದದ್ದು ನಾನೇ ಅದರ ಬಾಯಿಗೆ ಬಿದ್ದಾಗ.

ಕೊನೆಗೆ ಪಟೇಲರ ಜಗುಲಿಯಲ್ಲಿ ಕೂಟ ಸೇರಿತು. ಪೂಜಾರಿ ಚೆನ್ನಪ್ಪ ಎದ್ದು ನಿಂತ. “ಒರತೆ ಮೈಲಿಗೆ ಆಗೈತೆ. ಅಮ್ಮ ಮುನ್ಸ್ಕೊಂಡವ್ಳೆ. ಈ ಎಣ್ಣುಮಗಳಿಂದ ಇಂಗಾಯ್ತಾ ಅಂತ ಅಮ್ಮನ್ನೇ ಕೇಳವ. ಔದು ಅಂದ್ರೆ ಬಲಗಡೆ ಕೊಡ್ತಾಳೆ. ಕೊಟ್ರೆ ಇವ್ಳು ತೌರಿಗೆ ಓಗ್ಲಿ. ಕೂಸು ಇಲ್ಲೇ ಇರ್ಲಿ, ಅದು ಈ ಊರಿನ್ದು.”

ಬಲಗಡೆ ಹೂ ಬಿದ್ದೇ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ವರ್ಷದಿಂದ ಮಧ್ಯಾಹ್ನದ ಪೂಜೆಗೆ ಅದು ಬೀಳದ ದಿನವೇ ಇರಲಿಲ್ಲ. ಕೂಸನ್ನು ಅವುಚಿಕೊಂಡು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಆಗ ಬಂದ ಸಿಟ್ಟಿನಲ್ಲಿ ನನ್ನ ತಲೆ ಓಡಿತು ಕಾಣುತ್ತದೆ. ಬೀಳದ ದಿನವೇ ಇಲ್ಲ ಎಂದುಕೊಂಡೆನಲ್ಲ, ಇದೆಯಲ್ಲ, ಸಂತೆಯ ದಿನ! ಸಂತೆಯ ದಿನ ಬೇರೆ ಏನಿಲ್ಲ? ಕಲ್ಲಿನವರು ಸಂತೆಗೆ ಹೋಗುತ್ತಾರೆ, ಮದ್ದು ಸಿಡಿಯುವುದಿಲ್ಲ, ನನ್ನ ಮಡಕೆಗಳು ಸುಮ್ಮನಿರುತ್ತವೆ. ಅಮ್ಮ ವಾಲಿ ನಿಂತದ್ದು ಬಲಕ್ಕೆ.

ಎದ್ದು ನಿಂತೆ. “ಔದು, ನೀರು ಕೊಟ್ಟಿವ್ನಿ. ಇನ್ನೊಂದ್ಸಲ ಕೇಳಿದ್ರೂ ಕೊಡ್ತೀನಿ. ಅಮ್ಮನ್ನ ಕೇಳೋದಾದ್ರೆ ಕೇಳಿ, ಸಂತೆ ದಿನ ಕೇಳಿ.”

ಚೆನ್ನಪ್ಪ ತಡವರಿಸಿದ. “ಸಂತೆ ದಿನ ಅಮ್ಮ ಮಾತಾಡಕಿಲ್ಲ.”

“ಯಾವಾಗಿಂದ?”

ಅವನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ನನ್ನ ಅತ್ತೆ ನುಗ್ಗಿಬಂದರು. “ಯಾವಾಗಿಂದ್ಲಾ ಚೆನ್ನಾ? ನನ್ ಮದ್ವೆಗೆ ಸಂತೆ ದಿನ್ವೇ ಹೂ ಕೇಳಿದ್ದು. ನಿಮ್ಮಪ್ಪನೇ ಏರ್ಸಿದ್ದು. ಆಗ ಮಾತಾಡ್ತಿದ್ದೋಳಿಗೆ ಈಗ ಬಾಯಿ ಬಿದ್ದೋಯ್ತಾ? ಗೌಡ್ರೆ, ನನ್ ಸೊಸೆ ಬಾಯಿ ಜೋರು, ಒಪ್ತೀನಿ. ಅವ್ಳನ್ನ ಬಯ್ಯಕ್ಕೆ ನಾನೊಬ್ಳು ಇವ್ನಿ. ಓಡ್ಸಕ್ಕೆ ನೀವ್ಯಾರು?”

ಪಟೇಲರು ಇಬ್ಬರನ್ನೂ ನೋಡಿದರು. “ಸಂತೆ ದಿನ್ವೇ ಕೇಳವ. ಅಮ್ಮಂಗೆ ಯಾವ ದಿನ ಆದ್ರೇನು” ಎಂದರು.

ಸಂತೆಯ ದಿನ ಬೆಳಿಗ್ಗೆಯಿಂದ ಕೂತೆವು. ಅನುಮಾನದವಳು ನಾನು, ಚೆನ್ನಪ್ಪ ಹೂ ಅದ್ದುವುದನ್ನೂ ಅಂಟಿಸುವುದನ್ನೂ ಮಗ್ಗುಲಲ್ಲೇ ನಿಂತು ನೋಡಿದೆ. ಮಧ್ಯಾಹ್ನವಾಯಿತು, ತಮಟೆ ಬಡಿದರು, ಆರತಿ ಎತ್ತಿದರು. ಹೂ ಅಲುಗಲಿಲ್ಲ. ಗುಡ್ಡ ಸುಮ್ಮನಿತ್ತು. ಸಂತೆ ಮುಗಿಸಿ ಕಲ್ಲಿನವರು ಮಾತಾಡಿಕೊಂಡು ಹಿಂದಿರುಗುವ ಸದ್ದು ಕೇಳುವವರೆಗೂ ಕೂತೆವು. ಎರಡು ಹೂವೂ ಅಂಟಿದಲ್ಲೇ ಬಾಡಿದ್ದವು.

“ಅಮ್ಮ ಇಲ್ಲ ಅಂದಂಗೆ ಆಯ್ತು ಬುಡು, ಓಗು ಮನೆಗೆ” ಎಂದರು ಪಟೇಲರು ನನಗೆ. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಹೋಗುತ್ತಿದ್ದರೇನೋ. ನನ್ನ ಕೂಸು ನನಗೆ ಉಳಿದಿತ್ತು, ಅಷ್ಟು ಸಾಕಾಗಿತ್ತು. ಆದರೆ ನನ್ನ ಕಣ್ಣು ಒರತೆಯ ಮೇಲೆ ಬಿತ್ತು. ಅದು ಹನಿ ಹನಿಯಾಗಿ ಬೀಳುತ್ತಿತ್ತು.

“ನಾಳೆ ಒಂದ್ ದಿನ ಬನ್ನಿ ಗೌಡ್ರೆ. ಹೂ ಏರ್ಸಿ. ಏನೂ ಕೇಳ್ಬೇಡಿ. ಸುಮ್ಕೆ ಕೂತ್ಕಳಿ” ಎಂದೆ.

“ಏನೂ ಕೇಳ್ದೆ ಹೂ ಏರ್ಸದಾ?” ಎಂದ ಚೆನ್ನಪ್ಪ.

“ಏನೂ ಕೇಳ್ದೆ.”

ಮರುದಿನ ಬಂದರು. ಕೆಲವರು ನನ್ನ ಹುಚ್ಚು ನೋಡುವುದಕ್ಕೇ ಬಂದಿದ್ದರು. ನಾನು ಪಟೇಲರಿಗೆ ಅಂಗೈಯನ್ನು ನೆಲಕ್ಕೆ ಊರಿ ಕೂರಲು ಹೇಳಿದೆ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು, ಎಲ್ಲರೂ ಊರಿದರು. ತಮಟೆ ಬೇಡವೆಂದೆ. ಹೊತ್ತು ನೆತ್ತಿಗೆ ಬಂದಿತು. ಗುಡ್ಡದಲ್ಲಿ ಢಮ್ ಎಂದಿತು. ಅಂಗೈ ಕೆಳಗೆ ನೆಲ ಜುಮ್ಮೆಂದಿತು. ಬಲಗಡೆಯ ಹೂ ಜಾರಿ ಅಮ್ಮನ ಪಾದಕ್ಕೆ ಬಿತ್ತು.

ಯಾರೂ ಏನೂ ಕೇಳಿರಲಿಲ್ಲ.

ತುಂಬಾ ಹೊತ್ತು ಯಾರೂ ನೆಲದಿಂದ ಕೈ ತೆಗೆಯಲಿಲ್ಲ. ಆಮೇಲೆ ಪಟೇಲರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, “ಅಂಗಾರೆ ಮೊದಲ್ನೇ ದಿನ...” ಎಂದು ನಿಲ್ಲಿಸಿದರು. ನಾನು ಆ ದಿನ ಕಂಡದ್ದನ್ನು ಹೇಳಿದೆ, ಗಡಿಯಾರ, ಗುಡ್ಡ ಎಲ್ಲವನ್ನೂ. ಅವತ್ತು ಗುಡುಗಿದ್ದು ಮೋಡವಲ್ಲ, ಅವನು ಗುಡ್ಡದ ಆಚೆ ಹೊತ್ತು ನೋಡಿ ಸಿಡಿಸಿದ ಮದ್ದು ಎಂದೆ. ಚೆನ್ನಪ್ಪ ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಅತ್ತ. “ನಂಗೊತ್ತಿರ್ನಿಲ್ಲ ಕಣವ್ವಾ, ಅಮ್ಮನಾಣೆ ಗೊತ್ತಿರ್ನಿಲ್ಲ” ಎಂದ. ಇರಬಹುದು. ಆದರೆ ಸಂತೆಯ ದಿನದ ಕಟ್ಟಳೆ ಮಾಡಿದವನು ಅವನೇ. ಗೊತ್ತಿಲ್ಲದವನ ಕೈ ಅಷ್ಟು ಸರಿಯಾಗಿ ಅದೇ ದಿನದ ಮೇಲೆ ಬಿತ್ತೇ? ಅವನು ಸತ್ತು ಎಷ್ಟೋ ವರ್ಷವಾಯಿತು, ನಾನು ಇನ್ನೂ ಪೂರ್ತಿ ನಂಬಿಲ್ಲ.

ಗಂಡಸರು ಕೋರೆಗೆ ನಡೆದರು. ಕೂಸನ್ನು ಎತ್ತಿಕೊಂಡು ನಾನೂ ಹೋದೆ, ಯಾರೂ ಬೇಡ ಎನ್ನಲಿಲ್ಲ. ಗುಡ್ಡ ಎಂದರೆ ಅಲ್ಲಿ ಅರ್ಧ ಗುಡ್ಡ ಇತ್ತು. ಉಳಿದರ್ಧ ಗಾಡಿ ಹತ್ತಿ ಹೋಗಿತ್ತು. ಶಾಮಣ್ಣ ಛತ್ರಿಯ ನೆರಳಲ್ಲಿ ನಿಂತು ಎಲ್ಲವನ್ನೂ ಸಾವಧಾನವಾಗಿ ಕೇಳಿದ.

“ಹೂ ಬೀಳಿಸಿದ್ದು ನಾನಲ್ಲ ಗೌಡರೇ. ನೀವು ಕೇಳಿದಿರಿ, ನಿಮ್ಮ ದೇವರು ಹೇಳಿದಳು. ನಾನು ಕೈಕಟ್ಟಿ ಕೂತಿದ್ದೆ, ಇಡೀ ಊರು ನೋಡಿದೆ.”

“ನೀವು ಗುಡ್ಡ ನೋಡ್ತಿದ್ರಿ” ಎಂದೆ ನಾನು.

ಅವನು ನನ್ನನ್ನು ಮೊದಲ ಸಲ ನೋಡಿದವನಂತೆ ನೋಡಿ ನಕ್ಕ. “ಗುಡ್ಡ ನೋಡುವುದಕ್ಕೂ ಅಪ್ಪಣೆ ಬೇಕೇ ತಾಯಿ?”

ಅವನ ಮೇಲೆ ಏನೆಂದು ದೂರು ಕೊಡುವುದು? ಹೂ ಬಿತ್ತು ಎಂದೇ? ಆದರೂ ಪಟೇಲರು ಕಚೇರಿಗೆ ಓಡಾಡಿದರು, ಒಪ್ಪಿಗೆ ವಾಪಸು ಎಂದರು. ಕಚೇರಿಯವರು ವಿಚಾರಣೆ ಎಂದರು, ನೋಡೋಣ ಎಂದರು. ಅಷ್ಟರಲ್ಲಿ ಸೇತುವೆಗೆ ಬೇಕಾದ ಕಲ್ಲು ಸಾಕಾಯಿತಂತೆ, ಒಂದು ದಿನ ಶಾಮಣ್ಣನೂ ಛತ್ರಿಯೂ ಗಾಡಿಗಳೂ ಇಳಿದು ಹೋದವು. ಎಲ್ಲಮ್ಮ ಹೋಗುವಾಗ ನಮ್ಮ ಅಂಗಳದ ಆಚೆ ನಿಂತು ಕೂಸಿನ ಕೈ ಹಿಡಿದು ನನ್ನ ಕಡೆ ಆಡಿಸಿದಳು. ಅವಳ ಕೂಸು ಬದುಕಿತ್ತು.

ಒರತೆ ಬದುಕಲಿಲ್ಲ. ಬಂಡೆಯ ಒಳಗೆ ಎಲ್ಲಿ ಬಿರುಕು ಬಿಟ್ಟು ನೀರು ಯಾವ ಕಡೆ ತಿರುಗಿಕೊಂಡಿತೋ, ಅದು ಬೇರಿನ ಸಂದಿಗೆ ಮತ್ತೆ ಬರಲಿಲ್ಲ. ಮುಂದಿನ ಮಳೆಗೂ ಬರಲಿಲ್ಲ. ದೊಡ್ಡ ಮರ ತುದಿಯಿಂದ ಒಣಗುತ್ತಾ ಬಂದಿತು. ಬಾವಿ ತೋಡಿದರೆ ಬಂಡೆ. ಕೊನೆಗೆ ಊರು ಬಿಟ್ಟು ಕೆಳಗೆ ಹೊಳೆಯ ಕಡೆ ಇಳಿಯುವುದೆಂದಾಯಿತು. ನಾನೊಬ್ಬಳು ಊರು ಬಿಡಬಾರದು ಎಂದು ಹಟ ಹಿಡಿದಿದ್ದೆ. ಈಗ ಊರೇ ಊರು ಬಿಟ್ಟಿತು.

ಹೊರಡುವ ದಿನ ಅಮ್ಮನನ್ನೂ ಕಿತ್ತುಕೊಂಡು ಹೋಗಬೇಕಲ್ಲ, ಅಪ್ಪಣೆ ಇಲ್ಲದೆ ಹೇಗೆ ಎಂದು ಚೆನ್ನಪ್ಪ ಹೂ ಅದ್ದಿ ನಿಂತ. ಕೈ ಅಮ್ಮನ ಭುಜದವರೆಗೆ ಹೋಯಿತು. ಅಲ್ಲೇ ನಿಂತಿತು. ಅವನು ತಿರುಗಿ ಗುಡ್ಡದ ಕಡೆ ನೋಡಿದ. ಪಟೇಲರೂ ನೋಡಿದರು. ನನ್ನ ಅತ್ತೆಯೂ ನೋಡಿದರು. ಕೋರೆ ನಿಂತು ತಿಂಗಳುಗಳಾಗಿದ್ದವು, ಆದರೂ ಅಷ್ಟು ಜನ ಉಸಿರು ಹಿಡಿದು ಗುಡ್ಡಕ್ಕೆ ಕಿವಿಗೊಟ್ಟು ನಿಂತಿದ್ದೆವು. ಚೆನ್ನಪ್ಪ ಹೂವನ್ನು ಅಂಟಿಸದೆ ಅಮ್ಮನ ಪಾದದ ಮೇಲಿಟ್ಟು ಕೈಮುಗಿದ. ಏನೂ ಕೇಳದೆ ಹೊರಟೆವು. ಅವತ್ತು ನಾನು ಅತ್ತಷ್ಟು ನನ್ನನ್ನು ಓಡಿಸುತ್ತೇವೆ ಎಂದಾಗಲೂ ಅತ್ತಿರಲಿಲ್ಲ.

ಹೊಸ ಊರಿನಲ್ಲಿ ಅಮ್ಮನನ್ನು ನೆಟ್ಟಗೆ ನಿಲ್ಲಿಸಿದರು. ನಾನೇ ಮುಂದೆ ನಿಂತು ಆ ಕಡೆ ಈ ಕಡೆ ನೋಡಿ ನಿಲ್ಲಿಸಿದ್ದು. ಎಷ್ಟೋ ವರ್ಷ ಯಾರೂ ಹೂ ಕೇಳಲಿಲ್ಲ. ಆಮೇಲೆ ಹುಟ್ಟಿದವರಿಗೆ ಅದರ ಕತೆ ಗೊತ್ತಿಲ್ಲ, ಅವರು ಮತ್ತೆ ಶುರು ಮಾಡಿದರು. ನಾನು ಬೇಡ ಎನ್ನಲಿಲ್ಲ. ನಾನು ಅನುಮಾನಪಟ್ಟದ್ದು ಅಮ್ಮನ ಮೇಲೆ ಅಲ್ಲವಲ್ಲ.

ಮೊನ್ನೆ ಬಸ್ಸಿಳಿದು ಅಲ್ಲಿಗೇ ಹೋದೆವು, ಗೌರಿಯ ಸಂಬಂಧಕ್ಕೆ ಹೂ ಕೇಳಲು. ಉಪ್ಪಿಲ್ಲದ ಉಪ್ಪಿಟ್ಟನ್ನು ಹೊಗಳಿದ ಗಂಡಿನ ಕಡೆಯವರೂ ಬಂದಿದ್ದರು. ಈಗಿನ ಪೂಜಾರಿ, ಚೆನ್ನಪ್ಪನ ಮೊಮ್ಮಗ, ಹೂ ಏರಿಸಿದ. ನಾನು ಕಷ್ಟಪಟ್ಟು ಮಂಡಿ ಮಡಿಸಿ ಕೂತು ಅಂಗೈಯನ್ನು ನೆಲಕ್ಕೆ ಊರಿದೆ. ಗೌರಿ ಕಿವಿಯಲ್ಲಿ, “ಏನಜ್ಜಿ ಮಾಡ್ತಿದ್ದೀಯಾ, ಎಲ್ರೂ ನೋಡ್ತಾರೆ” ಎಂದಳು. ಸುಮ್ಮನೆ ಕೂತುಕೋ ಎಂದು ಕಣ್ಣಲ್ಲೇ ಗದರಿದೆ. ಎಷ್ಟೋ ಹೊತ್ತಾದ ಮೇಲೆ ಬಲಗಡೆಯ ಹೂ ನಿಧಾನವಾಗಿ ಜಾರಿ ಬಿತ್ತು. ನೆಲ ಅಲುಗಿರಲಿಲ್ಲ.

ಎಲ್ಲರೂ ಸಂತೋಷದಿಂದ ನನ್ನ ಕಡೆ ತಿರುಗುವ ಮೊದಲೇ ನಾನು ಒಬ್ಬೊಬ್ಬರ ಕಣ್ಣನ್ನೂ ನೋಡಿ ಮುಗಿಸಿದ್ದೆ, ಗಂಡನ್ನು, ಅವನ ಅಪ್ಪನನ್ನು, ಅವ್ವನನ್ನು. ಹೂ ಬೀಳುವಾಗ ಎಲ್ಲರೂ ಹೂವನ್ನೇ ನೋಡುತ್ತಿದ್ದರು. ಆಮೇಲೆ ನೆಲದಿಂದ ಕೈ ತೆಗೆದು, ಆಗಲಿ ಎಂದೆ.